ತಟ್ಟೆ ತೆಗೆಯಲ್ಲ ಎನ್ನುವ ತಟ್ಟೆ ಅಕ್ಕ

ಒಬ್ಬರ ಜೀವಮಾನದ ದುಡಿಮೆಯನ್ನು ಒಂದು ಬೆಳಗು ಪಕ್ಕದಲ್ಲಿ ಕುಳಿತು ನೋಡಿ ಬರೆಯುವುದು ಅಧಿಕಪ್ರಸಂಗವೇ ಸರಿ. ಓದುಗರು ಕ್ಷಮಿಸಬೇಕು. ತಟ್ಟೆ ಅಕ್ಕ ಮಾತ್ರ ಇನ್ನೂ ಕ್ಷಮಿಸಿದಂತಿಲ್ಲ. "ನನ್ನ ಬಗ್ಗೆ ಬರೆಯೋಕೆ ನಾನೇನು ಬೆಟ್ಟ ಅಗೆದಿದೀನಾ? ಕೂತ್ಕೊಳ್ಳಿ, ದಾರಿಗೆ ಅಡ್ಡ ಬರ್ಬೇಡಿ" ಎಂದು ಮೂಲೆಯ ಸ್ಟೂಲು ತೋರಿಸುತ್ತಾರೆ.

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಸ್ಪತ್ರೆಯ ಔಷಧಿ ಕೌಂಟರಿನ ಷಟರನ್ನು ಅಕ್ಕ ಹೆಗಲು ಕೊಟ್ಟು ಮೇಲಕ್ಕೆ ತಳ್ಳುತ್ತಾರೆ. ಗಾಜಿನ ಕಿಂಡಿಯ ಕೆಳಗೆ ಅಗಲವಾದೊಂದು ಸ್ಟೀಲ್ ತಟ್ಟೆ ಇಡುತ್ತಾರೆ. ಹೊರಗಿನ ಬೆಂಚಿನಲ್ಲಿ ಆಗಲೇ ವಯಸ್ಸಾದವರ ಸಾಲು. ಸಕ್ಕರೆ ಕಾಯಿಲೆಯವರು, ಬಿಪಿಯವರು, ಎದೆಯ ತೊಂದರೆಯವರು. ಎಲ್ಲರ ಮಡಿಲಲ್ಲೂ ಒಂದೊಂದು ಚೀಲ. ಹೊಸ ಮಾತ್ರೆ ಬೇಕೆಂದರೆ ಮನೆಯಲ್ಲಿ ಉಳಿದದ್ದನ್ನೆಲ್ಲ ತಂದು ಈ ತಟ್ಟೆಗೆ ಸುರಿಯಬೇಕು. ಯಾವುದು ಯಾತಕ್ಕೆ, ಯಾವಾಗ ಎಂದು ತಮ್ಮ ಬಾಯಲ್ಲೇ ಹೇಳಬೇಕು. ಇದು ಅಕ್ಕನೇ ಮಾಡಿಕೊಂಡ ಕಾನೂನು. ಅಪ್ಪನ ವಯಸ್ಸಿನವರೂ ಅವರನ್ನು ತಟ್ಟೆ ಅಕ್ಕ ಎಂದೇ ಕರೆಯುತ್ತಾರೆ.

"ಇದು ಬಿಪಿದು, ಇದು ಸಕ್ಕರೆದು, ಇದು ಸೊಸೆದು" ಎನ್ನುತ್ತಾರೆ ನಿವೃತ್ತ ಬಸ್ ಚಾಲಕರೊಬ್ಬರು.

"ಸೊಸೆ ಮಾತ್ರೆ ನಿಮ್ಮ ಚೀಲದಲ್ಲಿ ಏನ್ ಮಾಡ್ತಿದೆ ಅಜ್ಜ?"

"ಅವಳ ಮಂಡಿನೋವು ಹೋಯ್ತಂತೆ. ಮಿಕ್ಕಿತ್ತು. ಹಾಳಾಗ್ಬಾರ್ದಲ್ಲ ಅಂತ…"

"ಹಾಳಾಗೋದು ನಿಮ್ಮ ಕಿಡ್ನಿ! ಈ ಕಡೆ ಕೊಡಿ."

ಸಾಲೆಲ್ಲ ನಗುತ್ತದೆ. ನಗದವರು ಒಬ್ಬರೇ, ಹಿಂದೆ ನಿಂತ ಹೊಸ ಮೇಲ್ವಿಚಾರಕರು. ಸಾಲು ಬೇಗ ಕರಗಬೇಕು, ತಟ್ಟೆ ಹೋಗಬೇಕು; ಇಲ್ಲವಾದರೆ ಸೋಮವಾರದಿಂದ ಅಕ್ಕನಿಗೆ ಹಿಂಭಾಗದ ದಾಸ್ತಾನು ಕೋಣೆಯೇ ಗತಿ ಎಂದು ಅವರು ಎಚ್ಚರಿಸಿದ್ದಾರೆ.

"ಇದು ಔಷಧಿ ಕೌಂಟರೋ, ಹರಟೆ ಜಗಲಿಯೋ ಅಮ್ಮಾ?"

"ಕೈಗೆ ಕೊಟ್ಟಿದ್ದು ಹೊಟ್ಟೆಗೆ ಹೋಗ್ಬೇಕಲ್ಲ ಸಾರ್. ಹೋಗದಿದ್ರೆ ನಾನು ಕೊಟ್ಟಿದ್ದು ಔಷಧಿ ಅಲ್ಲ, ಬಣ್ಣದ ಮಣಿ."

ಈ ಹಟಕ್ಕೆ ಬೇರು ಮನೆಯಲ್ಲಿದೆ. ಅಕ್ಕನ ಅಪ್ಪ ಬಡಗಿ. ಸಕ್ಕರೆ ಹತೋಟಿಗೆ ಬಂದಿದೆ ಎಂದು ವೈದ್ಯರು ಹೇಳಿದ್ದನ್ನು ವಾಸಿಯಾಯಿತೆಂದೇ ತಿಳಿದು ಮಾತ್ರೆ ಬಿಟ್ಟರು. ಕೊನೆಗೆ ಒಂದು ಕಾಲು ಹೋಯಿತು. "ಅಪ್ಪ ದಡ್ಡರಲ್ಲ. ಕಣ್ಣಳತೆಯಲ್ಲೇ ಕಿಟಕಿ ಕೂರಿಸ್ತಿದ್ರು. ನಿಮಗೇನು ಅರ್ಥ ಆಯ್ತು ಅಂತ ಅವ್ರನ್ನ ಯಾರೂ ಕೇಳ್ಲಿಲ್ಲ, ಅಷ್ಟೇ." ಅಕ್ಕ ಫಾರ್ಮಸಿ ಓದಿದ್ದು ಆಮೇಲೆ.

ಈಗ ಕಿಂಡಿಗೆ ಬಂದವರು ರಸ್ತೆ ಬದಿ ಕೂತು ಕೊಡೆ ರಿಪೇರಿ ಮಾಡುವ ಅಜ್ಜಿ. ಪಾದ ಊದಿ ಚಪ್ಪಲಿಯಿಂದ ಹೊರಬಂದಿದೆ. ಚೀಲ ಸುರಿದರೆ ಬೇರೆ ಮಾತ್ರೆಗಳೆಲ್ಲ ಮುಗಿಯುತ್ತ ಬಂದಿವೆ. ಮೈಯಲ್ಲಿ ನಿಂತ ನೀರನ್ನು ಮೂತ್ರವಾಗಿ ಇಳಿಸುವ ಮಾತ್ರೆಯ ಪಟ್ಟಿ ಮಾತ್ರ ಹೆಚ್ಚುಕಮ್ಮಿ ಹಾಗೇ ಇದೆ.

"ಮರೆತುಹೋಯ್ತಾ ಅಜ್ಜಿ?"

"ಮರೆಯೋಕೆ ನಾನೇನು ಮುದುಕಿನಾ?"

ಅಕ್ಕ ನಗುವುದಿಲ್ಲ. ಕಿಂಡಿಗೆ ಮುಖ ತಂದು ದನಿ ತಗ್ಗಿಸಿ, "ಮತ್ಯಾಕೆ?" ಎನ್ನುತ್ತಾರೆ. ಅಜ್ಜಿ ಅತ್ತಿತ್ತ ನೋಡುತ್ತಾರೆ. "ಬೆಳಿಗ್ಗೆ ಅದನ್ನ ನುಂಗಿದ್ರೆ ಮಧ್ಯಾಹ್ನದ ತನಕ ಓಡ್ತಾನೇ ಇರ್ಬೇಕು ಮಗಳೇ. ಬೀದೀಲಿ ಕೂತೋಳು ಎಲ್ಲಿಗೆ ಓಡ್ಲಿ? ಕಾಲು ಊದಿದ್ರೆ ಊದ್ಲಿ, ಮಾನ ಹೋಗ್ಬಾರ್ದು. ಇಲ್ಲಿಗೆ ಬರೋ ದಿನ ತಗೋತೀನಪ್ಪ, ಇಲ್ಲಿ ಕಕ್ಕಸು ಇದೆಯಲ್ಲ."

ಆ ಮಾತ್ರೆ ಏನು ಮಾಡುತ್ತದೆಂದು ಅಜ್ಜಿಗೆ ಚೆನ್ನಾಗಿಯೇ ಗೊತ್ತಿತ್ತು. ಅಜ್ಜಿಯ ದಿನ ಹೇಗೆ ಕಳೆಯುತ್ತದೆಂದು ಇಲ್ಲಿ ಯಾರಿಗೂ, ಅಕ್ಕನಿಗೂ, ಗೊತ್ತಿರಲಿಲ್ಲ. ಊತ ಇಳಿಯದ್ದು ಕಂಡು ವೈದ್ಯರು ಇವತ್ತು ಮಾತ್ರೆಯ ಪ್ರಮಾಣ ಹೆಚ್ಚಿಸಿದ್ದಾರೆ.

ಅಕ್ಕ ಎದ್ದು ಅಜ್ಜಿಯ ಕೈ ಹಿಡಿಯುತ್ತಾರೆ.

"ಕೌಂಟರ್ ಬಿಟ್ಟು ಎಲ್ಲಿಗೆ?" ಮೇಲ್ವಿಚಾರಕರು ಅಡ್ಡ ನಿಲ್ಲುತ್ತಾರೆ.

"ಡಾಕ್ಟರ ಹತ್ರ. ನೀವೂ ಬನ್ನಿ ಬೇಕಿದ್ರೆ."

"ಇದನ್ನ ನನಗೇ ಹೇಳ್ಬಾರದಿತ್ತಾ ಅಜ್ಜಿ?" ಎಂದು ವೈದ್ಯರು ಕೇಳಿದರೆ, "ನೀವು ಗಂಡಸ್ರಲ್ವಾ ಸಾರ್" ಎಂಬ ಉತ್ತರ ಬರುತ್ತದೆ. ವೈದ್ಯರು ಪ್ರಮಾಣವನ್ನು ಮೊದಲಿನಷ್ಟಕ್ಕೇ ಇಳಿಸಿ, ಹೊತ್ತನ್ನು ಮಧ್ಯಾಹ್ನಕ್ಕೆ, ಅಜ್ಜಿ ಮನೆ ಸೇರುವ ವೇಳೆಗೆ ಬದಲಿಸುತ್ತಾರೆ. ಕಿಂಡಿಗೆ ಮರಳಿದ ಮೇಲೆ ಅಕ್ಕ ಮತ್ತೆ ಬಾಯಿಪಾಠ ಒಪ್ಪಿಸಿಕೊಳ್ಳುತ್ತಾರೆ. "ಗಂಟುಮೂಟೆ ಕಟ್ಟಿ, ಮನೆಗೆ ಹೋಗಿ, ಕಕ್ಕಸಿನ ಬಾಗಿಲು ನೋಡ್ಕೊಂಡು, ಆಮೇಲೆ ಒಂದು" ಎನ್ನುತ್ತಾರೆ ಅಜ್ಜಿ.

"ಸೋಮವಾರ ಈ ತಟ್ಟೆ ಇಲ್ಲಿ ಕಾಣಬಾರದು" ಎನ್ನುತ್ತಾರೆ ಮೇಲ್ವಿಚಾರಕರು.

"ತಟ್ಟೆ ಇಲ್ಲೇ ಇರುತ್ತೆ ಸಾರ್. ಬೇಕಾದ್ರೆ ನನ್ನನ್ನ ಎತ್ತಿಡಿ."

"ಎತ್ತಿಟ್ರೆ ನಾವೂ ಆ ದಾಸ್ತಾನು ಕೋಣೆ ಮುಂದೆನೇ ಸಾಲು ನಿಲ್ತೀವಿ" ಎಂದು ಬಸ್ ಅಜ್ಜ ಬೆಂಚಿನಿಂದಲೇ ಕೂಗುತ್ತಾರೆ.

ಅಕ್ಕನ ಆಸೆ ದೊಡ್ಡದಲ್ಲ. "ಈ ಕಿಂಡೀಲಿ ಯಾರೇ ಕೂರ್ಲಿ, 'ತಗೊಳ್ಳೋಕೆ ಆಗ್ತಿದೆಯಾ' ಅಂತ ಒಂದು ಮಾತು ಕೇಳ್ಬೇಕು."

ಸೋಮವಾರ ಆ ಷಟರನ್ನು ಯಾರ ಹೆಗಲು ಎತ್ತುತ್ತದೆಯೋ, ಇದನ್ನು ಬರೆಯುವ ಹೊತ್ತಿಗೆ ತಿಳಿದಿಲ್ಲ. ಕೊಡೆ ಅಜ್ಜಿ ಮರುದಿನ ಮನೆ ಸೇರಿದ ಮೇಲೆ ಮಾತ್ರೆ ನುಂಗಿದರೋ ಇಲ್ಲವೋ, ಅದೂ ತಿಳಿದಿಲ್ಲ. ಮುಂದಿನ ಸಲ ಚೀಲ ಸುರಿದಾಗಲೇ ಗೊತ್ತಾಗಬೇಕು, ಸುರಿಯಲು ಅಲ್ಲಿ ತಟ್ಟೆ ಇದ್ದರೆ.