ಬಿದ್ದರೂ ಒಡೆಯದ ಡಿಸ್ಕಿನಲ್ಲಿ ದೊಡ್ಡವ್ವನ ಹಾಡು

ಬಸ್ಸು ತಗ್ಗಿಗೆ ಬಿದ್ದು ಡಿಸ್ಕಿನೊಳಗಿನದೆಲ್ಲ ಕಲಸಿಹೋಗಬಹುದಿತ್ತು. ಕಿಟಕಿಯಿಂದ ಮಳೆನೀರು ಬ್ಯಾಗಿಗೆ ಇಳಿಯಬಹುದಿತ್ತು. ದಾಂಡೇಲಿಯ ಬಸ್ ನಿಲ್ದಾಣದಲ್ಲಿ ಮಂಗವೊಂದು ಡಿಸ್ಕನ್ನು ಬಿಸ್ಕೀಟಿನ ಪೊಟ್ಟಣವೆಂದು ತಿಳಿದು ಒಯ್ಯಬಹುದಿತ್ತು. ಮದುವೆಮನೆಯಲ್ಲಿ ಯಾರಾದರೂ ಅದರ ಮೇಲೆ ಚಹಾ ಚೆಲ್ಲಬಹುದಿತ್ತು, ಟಿವಿ ಅದನ್ನು ಗುರುತಿಸದೆ ಹೋಗಬಹುದಿತ್ತು, ಕರೆಂಟು ಕೈಕೊಡಬಹುದಿತ್ತು. ಸೇತುವೆಯ ಮೇಲೆ ನಾನೇ ಗಾಬರಿಯಲ್ಲಿ ಅದನ್ನು ಕಾಳಿ ನದಿಗೆ ಬೀಳಿಸಬಹುದಿತ್ತು, ಮೊಸಳೆ ನುಂಗಬಹುದಿತ್ತು. ಇದನ್ನು ಹೇಳಿದಾಗ ಹೆಂಡತಿ, "ಇರ್ಲಿ ಬಿಡ್ರಿ, ಮೊಸಳಿಗೂ ನಾಕ ಸೋಬಾನ ಪದ ಬರ್ತಾವ" ಎಂದಳು.

ವಿಷಯ ಇಷ್ಟು. ಮುಂಡಗೋಡದ ಹತ್ತಿರ ಚಿಗಳ್ಳಿಯಲ್ಲಿರುವ ನನ್ನ ದೊಡ್ಡವ್ವ ಊರ ಮದುವೆಗಳಿಗೆಲ್ಲ ಸುರಗಿಯ ಹಾಡು ಹೇಳಿದವಳು. ನಾಲ್ಕು ಮೂಲೆಗೆ ತಂಬಿಗೆ ಇಟ್ಟು, ನೂಲು ಸುತ್ತಿ, ನಡುವೆ ಕೂತ ಮದುಮಗಳಿಗೆ ಅರಿಶಿಣದ ನೀರು ಹಾಕುವುದೇ ಸುರಗಿ; ಆಗ ಅವಳು ಒಂದು ಸಾಲು ಹೇಳುತ್ತಾಳೆ, ಉಳಿದ ಹೆಂಗಸರು ಅದನ್ನೇ ತಿರುಗಿ ಹೇಳುತ್ತಾರೆ. ಈಗ ಸ್ವಂತ ಮೊಮ್ಮಗಳ ಮದುವೆಯ ಹೊತ್ತಿಗೆ ಅವಳ ಗಂಟಲಿಗೆ ಸಣ್ಣ ಆಪರೇಷನ್ ಆಗಿತ್ತು. ಹಾಡುವುದಿರಲಿ, ಜೋರಾಗಿ ಮಾತಾಡಲೂ ಡಾಕ್ಟರು ಬಿಟ್ಟಿರಲಿಲ್ಲ. ಹಿಂದಿನ ವರ್ಷ ಅವಳ ಪಡಸಾಲೆಯಲ್ಲಿ ನಾನು ಮೊಬೈಲಿನಲ್ಲಿ ಹಿಡಿದ ವಿಡಿಯೋ ಒಂದೇ ಉಳಿದ ದಾರಿ. ಮೊಬೈಲಿನಿಂದ ಅಳಿಸಿದ ಮೇಲೆ ಅದಿದ್ದದ್ದು, ಮನಸ್ಸು ಬಂದಾಗ ಮಾತ್ರ ಶುರುವಾಗುವ ನನ್ನ ಹಳೇ ಲ್ಯಾಪ್‌ಟಾಪಿನಲ್ಲಿ. ಮದುವೆಯೋ ಜೋಯಿಡಾದ ಆಚೆ, ಸಿಗ್ನಲ್ ಬೇಕಾದರೆ ಗುಡ್ಡ ಹತ್ತಬೇಕಾದ ಊರಲ್ಲಿ. ಹಾಡನ್ನು ಕೈಯಲ್ಲೇ ಒಯ್ಯಬೇಕಿತ್ತು.

ದೊಡ್ಡವ್ವ ಫೋನಿನಲ್ಲಿ ಪಿಸುಗುಟ್ಟಿದಳು: "ತಮ್ಮಾ, ಹಾಡಿಲ್ದ ನೀರ ಹಾಕಿದ್ರ ಅದು ಜಳಕ ಆಗ್ತೈತಿ, ಸುರಗಿ ಆಗಂಗಿಲ್ಲ."

ಹಳಿಯಾಳದ ಅಂಗಡಿಯಲ್ಲಿ ಎರಡು ಡಿಸ್ಕು ತೋರಿಸಿದರು. ಒಂದು ದೊಡ್ಡದು, ಅಗ್ಗದ್ದು, ಒಳಗೆ ತಟ್ಟೆ ಗಿರಗಿರ ತಿರುಗುವಂಥದು. ಇನ್ನೊಂದು ಅಂಗೈಯಷ್ಟು, ಸುತ್ತ ರಬ್ಬರಿನ ಕವಚ.

"ಇದರಾಗ ತಿರಗೂದ ಏನೂ ಇಲ್ರಿ, ಬರೇ ಚಿಪ್," ಎಂದ ಅಂಗಡಿಯವನು. "ಬಸ್ಸು ಎಷ್ಟ ಕುಣದ್ರೂ ಏನೂ ಆಗಂಗಿಲ್ಲ."

"ಬಿದ್ರ?"

"ಬಿದ್ರ ಎತ್ಕೋರಿ."

"ನೀರಾಗ ಬಿದ್ರ?"

"ಮಳಿ ತಡೀತೈತ್ರಿ. ಈಜಾಕ ಒಯ್ಯಾವ್ರಿದ್ರ ಮದ್ಲ ಹೇಳ್ರಿ."

ಪಕ್ಕದಲ್ಲಿದ್ದ ಹೆಂಡತಿಗೆ ಸಾಕಾಯಿತು. "ಎಷ್ಟ ಗಟ್ಟಿ ಇದ್ರೂ ಕಳದ ಹೋದ್ರ ಏನ ಮಾಡ್ತೀರಿ? ಎರಡರಾಗ ಹಾಕ್ರಿ. ಒಂದ ನಿಮ್ಮ ಕಡೆ, ಒಂದ ನನ್ನ ಕಡೆ." ಇಷ್ಟು ಚಿಂತೆ ಮಾಡಿದ ನನಗೆ ಹೊಳೆಯದೇ ಇದ್ದದ್ದು ಅದೊಂದೇ. ರಬ್ಬರಿನ ಡಿಸ್ಕು ನನಗೆ, ಒಂದು ಪೆನ್‌ಡ್ರೈವ್ ಅವಳ ಪರ್ಸಿಗೆ ಎಂದಾಯಿತು.

ಮನೆಯಲ್ಲಿ ಗಟ್ಟಿತನ ಪರೀಕ್ಷಿಸಲು ಡಿಸ್ಕನ್ನು ಮೇಜಿನಿಂದ ಕೆಳಗೆ ಬೀಳಿಸಿದೆ. ಕೆಳಗೆ ಕೌದಿ ಮಡಚಿ ಹಾಸಿದ್ದೆ. "ಇದಕ ಬೀಳಸೂದು ಅನ್ನಂಗಿಲ್ರಿ, ಮಲಗಸೂದು ಅಂತಾರ" ಎಂದಳು ಹೆಂಡತಿ. ಹಾಡು ತುಂಬಿಸಿದ ಮೇಲೆ ಡಿಸ್ಕು, ಪೆನ್‌ಡ್ರೈವ್ ಎರಡನ್ನೂ ತೆರೆದು ನೋಡಿದೆ. ಹಾಡಿನ ಮೊದಲು ಸರಿ, ಕೊನೆ ಸರಿ. ನಡುವೆ ಏನಿದೆ ಎಂದು ಕೂತು ಕೇಳಲು, ಇಷ್ಟೆಲ್ಲ ಚಿಂತೆಯ ನಡುವೆ ಪುರಸೊತ್ತು ಎಲ್ಲಿತ್ತು?

ಬಸ್ಸಿನಲ್ಲಿ ಅವಳನ್ನು ಮುಂದೆ ಕೂರಿಸಿ ನಾನು ಹಿಂದಿನ ಸೀಟಿಗೆ ಹೋದೆ. ಏನಾದರೂ ಆದರೆ ಒಂದಾದರೂ ಉಳಿಯಲಿ ಎಂದು. ಇಬ್ಬರ ಟಿಕೆಟ್ಟನ್ನೂ ನಾನೇ ಕೇಳಿದಾಗ ಕಂಡಕ್ಟರು ದನಿ ತಗ್ಗಿಸಿ, "ಜಗಳ ಆಗೇತೇನ್ರಿ?" ಎಂದ.

"ಇಲ್ರಿ, ಬ್ಯಾಕಪ್," ಎಂದೆ.

ಮಂಗ ಬರಲಿಲ್ಲ. ಮಳೆ ಬಂತು, ಬ್ಯಾಗಿಗೆ ತಾಗಲಿಲ್ಲ. ಸೇತುವೆ ದಾಟುವಾಗ ಬ್ಯಾಗನ್ನು ಅಪ್ಪಿಕೊಂಡಿದ್ದೆ. ಮದುವೆಮನೆಯ ಟಿವಿ ಡಿಸ್ಕನ್ನು ತಕ್ಷಣ ಗುರುತಿಸಿತು, ಕರೆಂಟೂ ಕೈಕೊಡಲಿಲ್ಲ. ತೆರೆಯ ಮೇಲಿನ ದೊಡ್ಡವ್ವ ಮೊದಲ ಸಾಲು ಎತ್ತಿದಳು. ನೂಲಿನ ಸುತ್ತ ನಿಂತ ಹೆಂಗಸರು ತಿರುಗಿ ಹೇಳಿದರು. ಹುಡುಗಿಯ ತಲೆಯ ಮೇಲೆ ನೀರು ಬಿತ್ತು. ಗೋಡೆಗೊರಗಿ ಕೂತಿದ್ದ ದೊಡ್ಡವ್ವ ಬಾಯಿಗೆ ಸೆರಗು ಒತ್ತಿಕೊಂಡು, ಸದ್ದಿಲ್ಲದೆ ತುಟಿ ಅಲ್ಲಾಡಿಸುತ್ತಿದ್ದಳು.

ಎರಡು ಸಾಲುಗಳ ನಡುವೆ ತೆರೆಯ ಮೇಲಿನ ದೊಡ್ಡವ್ವ ಉಸಿರು ಎಳೆದುಕೊಂಡ ಜಾಗದಲ್ಲಿ, ಮೊಬೈಲಿನ ಹಿಂದಿದ್ದ ನನ್ನ ದನಿ ಸ್ಪಷ್ಟವಾಗಿ ಕೇಳಿತು: "ರೆಕಾರ್ಡ ಆಗಾಕತ್ತೈತೋ ಇಲ್ಲೋ, ಶಿವನ ಬಲ್ಲ."

ನೀರು ಹಾಕುವುದರಲ್ಲಿ ಮೈಮರೆತಿದ್ದ ಹೆಂಗಸರು ರೂಢಿಯಂತೆ ಅದನ್ನೂ ರಾಗವಾಗಿ ತಿರುಗಿ ಹೇಳಿಬಿಟ್ಟರು.