ಬರ್ಮಾ ಎತ್ತಿಗೆ ಒಂದು ಹಿಡಿ ಹುಲ್ಲು

ಸೇಲಂ ದಾರಿಯ ತೊಪ್ಪೂರು ಘಾಟಿ ಇಳಿಯುವ ಮುಂಚೆ ಬಸ್ಸು ಟೀಗೆ ನಿಂತಿತು. ಪಕ್ಕದ ಅಂಗಡಿಯಲ್ಲಿ ಮಾದಮ್ಮ ಎಂಬ ಹಿರಿಯರು ಅಲಂಕಾರದ ದಿಂಬುಗಳಿಗೆ ಕಸೂತಿ ಹಾಕುತ್ತಿದ್ದರು. ಸೇಲಂ ವ್ಯಾಪಾರಿಯೊಬ್ಬ ಕೊಟ್ಟ ಬರ್ಮಾದ ಚಿತ್ರ ಎದುರಿಗಿತ್ತು: ಚಿನ್ನದ ಬಣ್ಣದ ಪಗೋಡ, ಅದರ ಮುಂದೆ ಎತ್ತಿನ ಗಾಡಿ. ದಿಂಬಿನಲ್ಲಿ ಮಾತ್ರ ಎತ್ತುಗಳ ಮೂತಿಯ ಹತ್ತಿರ ಒಂದು ಹಿಡಿ ಹಸಿರು ಹುಲ್ಲೂ ಇತ್ತು.

“ಚಿತ್ರದಲ್ಲಿ ಹುಲ್ಲಿಲ್ಲವಲ್ಲಮ್ಮ?” ಎಂದೆ.

“ಬರ್ದೋನು ಮರ್ತವ್ನೆ. ಪರದೇಸದ ಎತ್ತಾದ್ರೆ ಅಸಿವಾಗಲ್ವಾ, ಕಣ್ಣು?” ಎಂದರು, ಮಗುವನ್ನು ಮುದ್ದಿಗೆ ಕರೆದಂತೆ.

ಅಂಥದ್ದೇ ಒಂದು ದಿಂಬು ಕೊಂಡೆ. ಬಸ್ಸು ಹತ್ತುವಾಗ ಅವರು ಕೂಗಿದರು: “ತಲೆನ ಗಾಡಿ ಮೇಲಿಕ್ಕು, ಎತ್ತಿನ ಮೇಲೆ ಬ್ಯಾಡ. ಅಷ್ಟು ದೂರದಿಂದ ನಡ್ಕೊಂಡು ಬಂದವೆ!”

ಘಾಟಿಯುದ್ದಕ್ಕೂ ನಿದ್ದೆ ಎಳೆಯುತ್ತಿತ್ತು. ಆದರೂ ದಿಂಬಿಗೆ ತಲೆ ಕೊಡಲು ಮನಸ್ಸಾಗಲಿಲ್ಲ. ಎತ್ತುಗಳು ಮೇಯಲಿ ಎಂದು ತೊಡೆಯ ಮೇಲೆ ಇಟ್ಟುಕೊಂಡು ಕುಳಿತೆ.