ಬೀಗಿತ್ತಿಯನ್ನು ಜರೆದ ಹಾಡು

ಶಿರಾ ಗೇಟ್ ಹತ್ತಿರದ ಛತ್ರದಲ್ಲಿ ನನ್ನ ಮದುವೆ. ಗುಬ್ಬಿಯ ದೊಡ್ಡಮ್ಮ ನನ್ನ ಅತ್ತೆಯನ್ನು ಎಲ್ಲರೆದುರೇ ಹಾಡಿನಲ್ಲಿ ಜರೆದಳು. ನಮ್ಮ ಕಡೆ ಬೀಗರನ್ನು ಜರೆಯದಿದ್ದರೆ ಮದುವೆಯೇ ಸಪ್ಪೆ.

“ಕುಣಿಗಲ್ ಬೀಗಿತ್ತಿಗೆ ಆರು ಮೊಳ ನಾಲಿಗೆ, ಹೋಳಿಗೆ ಕಂಡ್ರೆ ಹಾರ್ತಾಳೆ ಮಾಳಿಗೆಯಿಂದ ಮಾಳಿಗೆಗೆ!”

ಛತ್ರವೆಲ್ಲ ಬಿದ್ದು ಬಿದ್ದು ನಕ್ಕಿತು. ಅತ್ತೆಗೆ ಅಂದು ಗಂಟಲು ಕಟ್ಟಿತ್ತು, ತಿರುಗಿ ಹಾಡಲಾಗಲಿಲ್ಲ. ಮಹಾ ಬುದ್ಧಿವಂತೆ ನಾನು, ಅದರ ವಿಡಿಯೋವನ್ನು ನಾನೇ ನೋಡಿಕೊಳ್ಳುತ್ತಿದ್ದ ದೊಡ್ಡಮ್ಮನ ಹಾಡಿನ ಪೇಜಿಗೆ ಹಾಕಿದೆ. ಆ ಪೇಜ್ ನೋಡಿಯೇ ಬೆಳ್ಳಾವಿ, ಊರ್ಡಿಗೆರೆಯವರು ಅವಳನ್ನು ಮದುವೆಗಳಿಗೆ ಕರೆಯುತ್ತಿದ್ದುದು.

ಮೂರೇ ದಿನಕ್ಕೆ ಆ್ಯಪ್ ಕಂಪನಿಯವರು ಪೇಜನ್ನೇ ಮುಚ್ಚಿದರು. ‘ವ್ಯಕ್ತಿಯೊಬ್ಬರನ್ನು ಅವಮಾನಿಸಿದ್ದೀರಿ’ ಎಂದು ನೋಟಿಸು.

ದೊಡ್ಡಮ್ಮ ಫೋನಿನಲ್ಲೇ ಕೂಗಾಡಿದಳು. “ನಿಮ್ಮತ್ತೇನೇ ಕಂಪ್ಲೇಂಟ್ ಕೊಟ್ಟವ್ಳೆ ಕಣೇ! ಬರ್ತೀನಿ ಇರು, ಕೇಳೇ ಬುಡ್ತೀನಿ!”

ಮದುವೆಯಾಗಿ ವಾರ ತುಂಬಿಲ್ಲ, ಆಗಲೇ ಎರಡು ಮನೆಗೆ ಜಗಳ ಹಚ್ಚಿದ ಸೊಸೆ ನಾನು! ಅತ್ತೆ ಬೇರೆ ಎರಡು ದಿನದಿಂದ ಬಚ್ಚಲಲ್ಲಿ ಒಬ್ಬರೇ ಏನೋ ಗೊಣಗುತ್ತಿದ್ದರು.

ದೊಡ್ಡಮ್ಮ ಕುಣಿಗಲ್ ಬಸ್ಸಿಳಿದು ಬಂದವಳು ನೀರನ್ನೂ ಮುಟ್ಟಲಿಲ್ಲ. “ಏನ್ ಬೀಗ್ರೆ, ನನ್ ಬಾಯ್ ಮುಚ್ಚಿಸ್ದೋರು ನೀವೇನಾ?”

“ನಾನ್ಯಾಕೆ ಮುಚ್ಚಿಸ್ಲಿ? ನಾನಿನ್ನೂ ಉತ್ರ ಹಾಡಿಲ್ಲ!” ಎಂದರು ಅತ್ತೆ. “ಎರಡ್ ದಿನದಿಂದ ಬಚ್ಚಲಲ್ಲಿ ಪ್ರಾಕ್ಟೀಸ್ ಮಾಡ್ತಾ ಇದೀನಿ. ಹಾಕಣ ಅಂದ್ರೆ ಪೇಜೇ ಇಲ್ಲ!” ಸೆರಗು ಸಿಕ್ಕಿಸಿ ಹಾಡಿಯೇಬಿಟ್ಟರು:

“ಗುಬ್ಬಿ ಬೀಗಿತ್ತಿ ಗಂಟ್ಲು ಹರಿದೋದ ಡೋಲು, ಪಾಯ್ಸ ಸಾಲ್ದೆ ನೆಕ್ತಾಳೆ ಸೌಟಿನ ಕೋಲು!”

“ಅಯ್ಯೋ ನಿಮ್ಮನೆ ಕಾಯ್ವಾಗ!” ದೊಡ್ಡಮ್ಮ ಹೊಟ್ಟೆ ಹಿಡಿದು ನಕ್ಕಳು. ನನಗೆ ಹೋದ ಜೀವ ಬಂತು.

ಅತ್ತೆ ನನ್ನ ಕೈಲಿ ಕಂಪನಿಗೆ ಉತ್ತರ ಹೇಳಿ ಬರೆಸಿದರು. “ಬರಿಯಮ್ಮ. ಬೈಸ್ಕೊಂಡೋಳು ನಾನು. ನಂಗಿಲ್ದಿರೋ ನೋವು ನಿಮ್ಗ್ಯಾಕೆ?”

ಕಳಿಸಿ ಕಣ್ಣು ಮಿಟುಕಿಸುವಷ್ಟರಲ್ಲಿ ಜವಾಬು ಬಂತು: ಪರಿಶೀಲಿಸಿದ್ದೇವೆ, ತೀರ್ಮಾನ ಬದಲಾಗದು. ನನಗೆ ಮೈಯೆಲ್ಲ ಉರಿಯಿತು. ಓದದೆಯೇ ಅದೆಂಥ ಪರಿಶೀಲನೆ!

“ಅವ್ರಂಗ್ಡಿ, ಅವ್ರಿಷ್ಟ, ಬುಡು,” ಅಂದ ಅತ್ತೆ ದೊಡ್ಡಮ್ಮನತ್ತ ತಿರುಗಿದರು. “ಇದು ನಮ್ ಜಗಲಿ. ಶುರು ಹಚ್ಕೊಳ್ಳಿ ಬೀಗ್ರೆ.”

ಬೀದಿಯವರೆಲ್ಲ ಬಂದು ನೆರೆದರು. ಒಬ್ಬರಿಗೊಬ್ಬರು ಬೈದುಕೊಳ್ಳಲು ಏನೂ ಉಳಿಯದಾದಾಗ ಇಬ್ಬರೂ ನನ್ನತ್ತ ನೋಡಿದರು.

“ಫೋನ್ ಹಿಡ್ದ ಸೊಸೆ ನೋಡ್ರೆ, ಒಲೆ ಮೇಲೆ ಸೀದೋಯ್ತು ಸಾರು, ದೂರು ಕೊಡ್ತೀನಂದ್ರೆ ಕೇಳೋರ್ಯಾರು!”

ಅಡುಗೆಮನೆಗೆ ಓಡಿದೆ. ನಿಜವಾಗಿಯೂ ಸೀದುಹೋಗಿತ್ತು.